ಓದುಗರ ಚಿತ್ರಪುಟದಲ್ಲಿ ಹಕ್ಕಿಗೂಡಿನ ಚಿತ್ರಗಳು ಬೇಡ

ಮಾನ್ಯ ಸಂಪಾದಕರಿಗೆ,

ವಂದನೆಗಳು.

ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಓದುಗರೇ ತೆಗೆದ ಹೂವು, ಹಕ್ಕಿ, ಚಿಟ್ಟೆಗಳ ಚಿತ್ರಗಳಿಗೆಂದು ಒಂದು ಪುಟವನ್ನು ಮೀಸಲಿಟ್ಟಿರುವುದು ನಮ್ಮಂಥ ಹವ್ಯಾಸಿಗಳಿಗೆ ದೊಡ್ಡ ಆಸರೆ. ಮೂಡಿಗೆರೆ, ಕೊಪ್ಪ, ಸಕಲೇಶಪುರ, ಆಲೂರು ಕಡೆಯ ಕಾಲೇಜು ಹುಡುಗರು, ಗೃಹಿಣಿಯರು, ತೋಟದ ರೈಟರುಗಳು ಮೊಬೈಲಿನಲ್ಲೇ ತೆಗೆದ ಚಿತ್ರಗಳು ಅಲ್ಲಿ ಅಚ್ಚಾಗುವುದನ್ನು ಪ್ರತಿ ವಾರ ಕಾದು ನೋಡುವವರಲ್ಲಿ ನಾನೂ ಒಬ್ಬ. ಆ ಪುಟ ಇನ್ನೂ ಬೆಳೆಯಬೇಕೆಂಬ ಆಸೆಯಿಂದಲೇ ಎರಡು ಕೋರಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ಹಕ್ಕಿಗಳ ಗೂಡು, ಮೊಟ್ಟೆ ಮತ್ತು ಗೂಡಿನಲ್ಲಿರುವ ಮರಿಗಳ ಚಿತ್ರಗಳನ್ನು ಇನ್ನು ಮುಂದೆ ದಯವಿಟ್ಟು ಪ್ರಕಟಿಸಬೇಡಿ. ಪ್ರಕಟಿಸುವ ಉಳಿದ ಚಿತ್ರಗಳ ಕೆಳಗೆ ತೆಗೆದ ದಿನಾಂಕವನ್ನೂ, ಆ ಜೀವಿ ಯಾವ ಗಿಡದ ಮೇಲೆ ಏನು ಮಾಡುತ್ತಿತ್ತು ಎಂಬ ಒಂದೆರಡು ಸಾಲುಗಳನ್ನೂ ಕೊಡಿ. ವಿಷಯ ವಿಸ್ತಾರವಾದದ್ದರಿಂದ ಪತ್ರ ದೀರ್ಘವಾಗಿದೆ. ಸ್ಥಳಾವಕಾಶ ಮಾಡಿಕೊಡಬೇಕೆಂದು ವಿನಂತಿ.

ಇತ್ತೀಚಿನ ಸಂಚಿಕೆಯೊಂದರಲ್ಲಿ ಕೆಮ್ಮೀಸೆ ಪಿಕಳಾರದ ಗೂಡಿನ ಚಿತ್ರ ಪುಟದ ನಡುವೆ ದೊಡ್ಡದಾಗಿ ಬಂದಿತ್ತು. ಮೂರು ಮರಿಗಳು ಬಾಯಿ ತೆರೆದಿವೆ, ದೊಡ್ಡ ಹಕ್ಕಿ ಕೊಕ್ಕಿನಲ್ಲಿ ಹುಳು ಹಿಡಿದು ಗೂಡಿನ ಅಂಚಿನಲ್ಲಿ ಕುಳಿತಿದೆ, ಬೆಳಕು ಸೊಗಸಾಗಿ ಬಿದ್ದಿದೆ. ನೋಡಿದವರೆಲ್ಲ ಮೆಚ್ಚುವಂಥ ಚಿತ್ರವೇ ಸರಿ. ಆದರೆ ಪಿಕಳಾರ ಗೂಡು ಕಟ್ಟುವ ಕ್ರಮವನ್ನು ಬಲ್ಲವರಿಗೆ ಅಲ್ಲಿ ಏನಿಲ್ಲ ಎಂಬುದೇ ಮೊದಲು ಕಣ್ಣಿಗೆ ಬೀಳುತ್ತದೆ. ಈ ಹಕ್ಕಿ ಕಾಫಿ ಗಿಡದ ಕವಲಿನಲ್ಲೋ ಬೇಲಿಯ ಪೊದೆಯಲ್ಲೋ, ಸಾಮಾನ್ಯವಾಗಿ ಆಳೆತ್ತರಕ್ಕಿಂತ ಕೆಳಗೆ, ಎಲೆಗಳ ಮರೆ ಇರುವ ಜಾಗವನ್ನೇ ಹುಡುಕಿ ಗೂಡು ಕಟ್ಟುತ್ತದೆ. ಚಿತ್ರದಲ್ಲಿ ಗೂಡಿನ ಮುಂದಾಗಲಿ ಮೇಲಾಗಲಿ ಒಂದು ಎಲೆಯೂ ಇರಲಿಲ್ಲ. ಎಡಮೂಲೆಯಲ್ಲಿ ಆಗಷ್ಟೇ ಕತ್ತರಿಸಿದ ರೆಂಬೆಯ ಬಿಳಿಯ ತುದಿ ಕಾಣುತ್ತಿತ್ತು. ಚಿತ್ರ ಸ್ಪಷ್ಟವಾಗಿ ಬರಲೆಂದು ಯಾರೋ ಆ ಮರೆಯನ್ನು ತೆಗೆದಿದ್ದಾರೆ. ಅವರು ಯಾರೆಂದು ವಿಚಾರಿಸುವುದು ನನ್ನ ಉದ್ದೇಶವಲ್ಲ. ಮರೆ ಹೋದ ಗೂಡಿಗೆ ಮುಂದೆ ಏನಾಗುತ್ತದೆ ಎಂಬುದನ್ನು ಓದುಗರು ತಿಳಿಯಬೇಕು ಎಂಬುದಷ್ಟೇ ನನ್ನ ಕಾಳಜಿ.

ಗರಿ ಮೂಡದ ಮರಿಗಳಿಗೆ ತಮ್ಮ ಮೈಶಾಖವನ್ನು ತಾವೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ನೆರಳು ಹೋದರೆ ಏಪ್ರಿಲ್ ತಿಂಗಳ ನಡುಹಗಲಿನ ಬಿಸಿಲಿಗೆ ಅವು ಗೂಡಿನಲ್ಲೇ ಸಾಯಬಹುದು. ಬಿಸಿಲಿನಿಂದ ಪಾರಾದರೂ ಕಾಗೆ, ಕೆಂಬೂತ, ಓತಿಕ್ಯಾತ, ಕೇರೆಹಾವುಗಳ ಕಣ್ಣಿಗೆ ಬೀಳದೆ ಉಳಿಯುವುದು ಕಷ್ಟ. ಮನುಷ್ಯರು ಮತ್ತೆ ಮತ್ತೆ ಬಂದು ನಿಲ್ಲುವ ಜಾಗವನ್ನು ಕಾಗೆಗಳು ಬಹುಬೇಗ ಗುರುತಿಸುತ್ತವೆ. ತಂದೆತಾಯಿ ಹಕ್ಕಿಗಳು ಕ್ಯಾಮೆರಾ ಹಿಡಿದವರನ್ನು ಕಂಡು ದೂರದ ರೆಂಬೆಯಲ್ಲಿ ಕುಳಿತು ಕೂಗುತ್ತಿದ್ದಷ್ಟು ಹೊತ್ತೂ ಮರಿಗಳಿಗೆ ತುತ್ತು ಸಿಗುವುದಿಲ್ಲ. ಆ ಕೂಗನ್ನು ನಮ್ಮಲ್ಲಿ ಎಷ್ಟೋ ಜನ ಹಕ್ಕಿಯ ಹಾಡೆಂದೇ ತಿಳಿದು ವಿಡಿಯೊ ಮಾಡಿಕೊಳ್ಳುತ್ತಾರೆ ಎಂಬುದು ನೋವಿನ ಸಂಗತಿ.

ಇದು ಕೇವಲ ಸೌಜನ್ಯಕ್ಕೆ ಬಿಟ್ಟ ವಿಷಯವೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆ ಎಂದರೇನು ಎಂದು ವಿವರಿಸುವಲ್ಲಿಯೇ ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದನ್ನೂ, ಮೊಟ್ಟೆ ಮತ್ತು ಗೂಡುಗಳಿಗೆ ತೊಂದರೆ ಕೊಡುವುದನ್ನೂ ಸೇರಿಸಿದೆ. ಅದೇ ಕಾಯ್ದೆಯ 28ನೇ ಕಲಂ, ಅಭಯಾರಣ್ಯದೊಳಗೆ ಹೋಗಲು ಅನುಮತಿ ಕೊಡಬಹುದಾದ ಉದ್ದೇಶಗಳಲ್ಲಿ ಛಾಯಾಗ್ರಹಣವನ್ನು ಹೆಸರಿಸಿ ಹೇಳಿದೆ. ಅಂದರೆ ಕಾನೂನು ಛಾಯಾಗ್ರಾಹಕರನ್ನು ಸಂಶಯದಿಂದ ನೋಡಿಲ್ಲ. ಸಂಶೋಧಕರ ಸಾಲಿನಲ್ಲಿ ಅವರಿಗೂ ಸ್ಥಾನ ಕೊಟ್ಟಿದೆ. ಆ ಸ್ಥಾನವನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಹಿಂದಿನ ದೊಡ್ಡ ಛಾಯಾಗ್ರಾಹಕರು ಗೂಡಿನ ಬಳಿಯೇ ಚಿತ್ರ ತೆಗೆಯುತ್ತಿರಲಿಲ್ಲವೇ ಎಂಬ ಪ್ರಶ್ನೆ ಬರುವುದು ಸಹಜ. ತೆಗೆಯುತ್ತಿದ್ದರು, ನಿಜ. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೇಶವಿದೇಶಗಳಲ್ಲಿ ಹೆಸರು ತಂದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ತಲೆಮಾರಿನ ಉಪಕರಣಗಳನ್ನು ಇಲ್ಲಿ ನೆನೆಯಬೇಕು. ಬಣ್ಣದ ಸ್ಲೈಡ್ ಫಿಲ್ಮಿನ ವೇಗ, ಅಂದರೆ ಬೆಳಕನ್ನು ಗ್ರಹಿಸುವ ಶಕ್ತಿ, ಬಹಳ ಕಡಿಮೆ. ಒಂದು ಸುರುಳಿಯಲ್ಲಿ ಇರುತ್ತಿದ್ದುದು 36 ಚಿತ್ರಗಳು. ಫೋಕಸನ್ನು ಕೈಯಿಂದಲೇ ಮಾಡಬೇಕು. ಹಾರುವ, ಕುಪ್ಪಳಿಸುವ ಸಣ್ಣ ಹಕ್ಕಿ ಖಚಿತವಾಗಿ ಒಂದೇ ಜಾಗಕ್ಕೆ ಮರಳಿ ಬರುವುದು ಗೂಡಿಗೆ ಮಾತ್ರವಾದ್ದರಿಂದ, ಅಂದಿನವರು ದಿನಗಟ್ಟಲೆ ಕಾದು, ತಾವು ಅಡಗಿ ಕೂರುವ ಮರೆಯನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ಸರಿಸಿ ಚಿತ್ರ ತೆಗೆಯುತ್ತಿದ್ದರು. ಅಂಥವರು ಇಡೀ ರಾಜ್ಯದಲ್ಲಿ ಬೆರಳೆಣಿಕೆಯಷ್ಟು ಮಂದಿ. ಇಂದು ದೂರದ ಹಕ್ಕಿಯನ್ನು ಹತ್ತಿರಕ್ಕೆ ತಂದು ತೋರಿಸುವ 500, 600 ಮಿಲಿಮೀಟರಿನ ಲೆನ್ಸುಗಳು ಹವ್ಯಾಸಿಗಳ ಕೈಯಲ್ಲೂ ಇವೆ, ಕ್ಯಾಮೆರಾ ತಾನೇ ಹಕ್ಕಿಯ ಕಣ್ಣನ್ನು ಹುಡುಕಿ ಫೋಕಸ್ ಮಾಡುತ್ತದೆ, ಸೆಕೆಂಡಿಗೆ ಇಪ್ಪತ್ತು ಚಿತ್ರಗಳು ಬರುತ್ತವೆ. ಗೂಡಿನ ಬಳಿ ಹೋಗಲು ಅಂದು ಇದ್ದ ಕಾರಣ ಇಂದು ಉಳಿದಿಲ್ಲ. ಹೋಗುವವರ ಸಂಖ್ಯೆ ಮಾತ್ರ ಎಣಿಕೆಗೆ ಸಿಗದಷ್ಟು ಬೆಳೆದಿದೆ.

ಎಲ್ಲ ಹಕ್ಕಿಗಳೂ ಪಿಕಳಾರದಂತೆ ಮನುಷ್ಯರ ನಡುವೆ ಬದುಕಲು ಕಲಿತವಲ್ಲ. ನಮ್ಮ ಮಲೆನಾಡಿನ ಬೂದು ಮಂಗಟ್ಟೆಯನ್ನೇ, ಅಂದರೆ ಹಾರ್ನ್‌ಬಿಲ್ಲನ್ನೇ ನೋಡಿ. ಪಶ್ಚಿಮಘಟ್ಟಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಇದು. ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿ, ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಸಿಕೊಂಡು ಒಳಗೆ ಕೂರುತ್ತದೆ. ಅಷ್ಟು ದಿನವೂ ಅದಕ್ಕೆ, ಆಮೇಲೆ ಅದರ ಮರಿಗಳಿಗೆ, ಬಸರಿ ಅತ್ತಿ ಹಣ್ಣುಗಳನ್ನು ತಂದು ಉಣಿಸುವುದು ಗಂಡು ಒಂದೇ. ಗಂಡು ಬಹಳ ಅಂಜುಬುರುಕ. ಪೊಟರೆಯ ಕೆಳಗೆ ಜನ ನಿಂತಿದ್ದರೆ ಹಣ್ಣು ಹಿಡಿದುಕೊಂಡೇ ದೂರದ ಮರದಲ್ಲಿ ಕಾಯುತ್ತದೆ, ಇಲ್ಲವೇ ಹಿಂದಿರುಗಿಬಿಡುತ್ತದೆ. ಒಳಗಿನ ಹೆಣ್ಣು ಗರಿ ಉದುರಿಸಿಕೊಂಡು ಕುಳಿತಿರುವುದರಿಂದ ಹೊರಬಂದು ಆಹಾರ ಹುಡುಕುವ ಸ್ಥಿತಿಯಲ್ಲಿ ಇರುವುದಿಲ್ಲ. ಮಂಗಟ್ಟೆಯ ಪೊಟರೆಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಟ್ರೈಪಾಡ್ ಹೂಡಿ ನಿಂತರೆ ಒಂದು ಕುಟುಂಬದ ಊಟವನ್ನು ತಡೆದು ನಿಂತಂತೆಯೇ.

ಭದ್ರಾ ಜಲಾಶಯದ್ದು ಇನ್ನೊಂದು ಬಗೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಲಕ್ಕವಳ್ಳಿಯ ಸುತ್ತ ನಡುಗಡ್ಡೆಗಳು ಮೇಲೆದ್ದಾಗ ರಿವರ್ ಟರ್ನ್ ಹಕ್ಕಿಗಳು ದೊಡ್ಡ ಗುಂಪುಗಳಲ್ಲಿ ಅಲ್ಲಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಗೂಡೆಂದರೆ ಮಣ್ಣಿನಲ್ಲಿ ಕೆದಕಿದ ಒಂದು ತಗ್ಗು, ಅಷ್ಟೆ. ಮೇಲೆ ನೆರಳಿಲ್ಲ, ಹಕ್ಕಿ ತನ್ನ ಮೈಯನ್ನೇ ಒಡ್ಡಿ ಮೊಟ್ಟೆಗೆ ನೆರಳು ಕೊಡಬೇಕು. ದೋಣಿ ತೀರ ಹತ್ತಿರ ಬಂದರೆ ಗುಂಪಿಗೆ ಗುಂಪೇ ಒಮ್ಮೆಲೆ ಮೇಲೇಳುತ್ತದೆ. ನೂರಾರು ಬಿಳಿ ರೆಕ್ಕೆಗಳು ಆಕಾಶಕ್ಕೆ ಎದ್ದ ಆ ದೃಶ್ಯವೇ ಬೇಕೆಂದು ದೋಣಿಯವರನ್ನು ಒತ್ತಾಯಿಸುವವರಿದ್ದಾರೆ. ಅಷ್ಟು ಹೊತ್ತು ಕೆಳಗೆ ಬಿಸಿಲಿನಲ್ಲಿ ಬಯಲಾಗಿ ಬಿದ್ದಿರುವ ಮೊಟ್ಟೆಗಳು ಆ ಚಿತ್ರದಲ್ಲಿ ಕಾಣುವುದಿಲ್ಲ. ದೂರದಿಂದ, ದೋಣಿಯ ಯಂತ್ರ ನಿಲ್ಲಿಸಿ ನೋಡಿದರೆ ಅದೇ ಟರ್ನ್ ಮೀನು ಹಿಡಿದು ತಂದು ಜೊತೆಗಾರನಿಗೆ ಕೊಡುವುದನ್ನೂ, ನೀರಿನ ಮೇಲೆ ನೇರ ಎರಗುವುದನ್ನೂ ಬೇಕಾದಷ್ಟು ಚಿತ್ರಿಸಬಹುದು. ಹಾಗೆ ತೆಗೆದ ಉತ್ತಮ ಚಿತ್ರಗಳು ತಮ್ಮ ಪುಟದಲ್ಲೇ ಬಂದಿವೆ.

ಗೂಡಿನಷ್ಟೇ ಎಚ್ಚರದಿಂದ ಕಾಯಬೇಕಾದದ್ದು ಜಾಗದ ವಿವರ. ಕಪ್ಪೆಬಾಯಿ ಹಕ್ಕಿ, ಅಂದರೆ ಫ್ರಾಗ್‌ಮೌತ್, ಒಣ ಎಲೆಯ ಬಣ್ಣ ಹೊದ್ದು ಹಗಲೆಲ್ಲ ಒಂದೇ ಪೊದೆಯಲ್ಲಿ ಅಲುಗಾಡದೆ ಕೂರುತ್ತದೆ, ಮರುದಿನವೂ ಅಲ್ಲಿಗೇ ಬರುತ್ತದೆ. ಗೂಡಿನಲ್ಲಿ ಇಡುವುದು ಒಂದೇ ಮೊಟ್ಟೆ. ಅಂಥ ಹಕ್ಕಿ ಇಂಥ ಊರಿನ ಇಂಥ ತಿರುವಿನ ಬಳಿ ಇದೆ ಎಂದು ಒಮ್ಮೆ ಅಚ್ಚಾದರೆ ಸಾಕು, ವಾರಾಂತ್ಯಕ್ಕೆ ಕಾರುಗಳು ಸಾಲುಗಟ್ಟುತ್ತವೆ. ಆದ್ದರಿಂದ ಚಿತ್ರದ ಜತೆ ತಾಲ್ಲೂಕಿನ ಹೆಸರಷ್ಟೇ ಇರಲಿ. ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ಅಕ್ಷಾಂಶ ರೇಖಾಂಶಗಳು ತಾವಾಗಿಯೇ ದಾಖಲಾಗಿರುವ ಸಂಭವವಿದೆ. ಜಾಲತಾಣಕ್ಕೆ ಹಾಕುವ ಮೊದಲು ಅದನ್ನು ಅಳಿಸುವಂತೆ ತಮ್ಮ ಸಿಬ್ಬಂದಿಗೆ ತಿಳಿಸಿದರೆ ಉಪಕಾರವಾದೀತು.

ಮೊಬೈಲಿನಿಂದ ಹಕ್ಕಿಯ ಕೂಗನ್ನು ನುಡಿಸಿ ಹಕ್ಕಿಯನ್ನು ಹೊರಗೆ ಕರೆಯುವ ಅಭ್ಯಾಸವೂ ಹಬ್ಬಿದೆ. ಸಾಕಷ್ಟು ಮಂದಿ ಇದನ್ನು ನಿರುಪದ್ರವಿ ಎಂದೇ ನಂಬಿದ್ದಾರೆ. ಗಂಡು ಹಕ್ಕಿಗೆ ಆ ಧ್ವನಿ ಕೇಳಿಸುವುದು ತನ್ನ ಎಲ್ಲೆಯೊಳಗೆ ನುಗ್ಗಿದ ಎದುರಾಳಿಯ ಸವಾಲಾಗಿ. ಅದು ಮೇವು ಬಿಟ್ಟು, ಮರಿ ಬಿಟ್ಟು, ಇಲ್ಲದ ಶತ್ರುವನ್ನು ಹುಡುಕುತ್ತ ರೆಂಬೆಯಿಂದ ರೆಂಬೆಗೆ ಹಾರುತ್ತದೆ. ಒಬ್ಬರಾದ ಮೇಲೆ ಒಬ್ಬರು ಬಂದು ಒಂದೇ ಜಾಗದಲ್ಲಿ ಹೀಗೆ ಮಾಡಿದರೆ ಸಂತಾನದ ಕಾಲ ಪೂರ್ತಿ ಅದಕ್ಕೆ ಇದೇ ಕೆಲಸವಾಗುತ್ತದೆ.

ಹೂವಿನ ವಿಷಯಕ್ಕೆ ಬರೋಣ. ಹೂವು ಓಡುವುದಿಲ್ಲ, ಕೂಗುವುದಿಲ್ಲ. ಹಾಗಾಗಿ ಅದಕ್ಕೆ ಆಗುವ ಹಾನಿ ಯಾರ ಲೆಕ್ಕಕ್ಕೂ ಬರುವುದಿಲ್ಲ. 2022ರಲ್ಲಿ ಮಳೆಗಾಲ ಇಳಿಯುವ ಹೊತ್ತಿಗೆ ನಮ್ಮ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯ ಇಳಿಜಾರುಗಳಲ್ಲಿ ಕುರಿಂಜಿ ಅರಳಿದಾಗ ಗಿರಿ ಭಾಗಕ್ಕೆ ಹರಿದುಬಂದ ಜನರನ್ನು ಜಿಲ್ಲೆಯವರೆಲ್ಲ ನೋಡಿದ್ದೇವೆ. ಹೂಗಳ ನಡುವೆ ಕುಳಿತು, ಮಲಗಿ, ಗೊಂಚಲನ್ನು ಕಿತ್ತು ಮುಡಿದು ತೆಗೆಸಿಕೊಂಡ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಕುರಿಂಜಿಯ ಬಾಳಿನ ರೀತಿಯನ್ನು ತಿಳಿದಿದ್ದರೆ ಅವರಲ್ಲಿ ಹೆಚ್ಚಿನವರು ಹಾಗೆ ಮಾಡುತ್ತಿರಲಿಲ್ಲ ಎಂಬ ವಿಶ್ವಾಸ ನನಗಿದೆ. ಈ ಕುಲದಲ್ಲಿ ಹಲವು ಪ್ರಭೇದಗಳಿವೆ, ಒಂದೊಂದರ ಅವಧಿ ಒಂದೊಂದು. ಹೆಚ್ಚು ಹೆಸರಾದ ನೀಲಕುರಿಂಜಿಯದು 12 ವರ್ಷ. ಅಷ್ಟು ಕಾಲ ಹಸಿರಾಗಿಯೇ ಇದ್ದು, ಒಮ್ಮೆ ಒಟ್ಟಾಗಿ ಹೂಬಿಟ್ಟು, ಬೀಜ ಕಟ್ಟಿ, ಗಿಡವೇ ಸಾಯುತ್ತದೆ. ಮುಂದಿನ ತಲೆಮಾರು ಬರಬೇಕಾದದ್ದು ಆ ಒಂದು ಸಲದ ಬೀಜದಿಂದಲೇ. ಬೇರೆ ಹೂವನ್ನು ಕಿತ್ತರೆ ಗಿಡ ಮುಂದಿನ ವರ್ಷ ಮತ್ತೆ ಅರಳೀತು. ಕುರಿಂಜಿಗೆ ಆ ಎರಡನೆಯ ಅವಕಾಶವಿಲ್ಲ. ಗೊಂಚಲನ್ನು ಕೈಯಲ್ಲಿ ಹಿಡಿದು ತೆಗೆದ ಚಿತ್ರವನ್ನು, ಅದು ಎಷ್ಟೇ ಚೆನ್ನಾಗಿರಲಿ, ತಾವು ಹಿಂದಕ್ಕೆ ಕಳುಹಿಸಬೇಕು.

ಮರದ ಮೇಲಿನ ಸೀತಾಳೆ ದಂಡೆಗೂ ಇದೇ ಪಾಡು. ಮುಂಗಾರಿಗೆ ಮೊದಲು ಹಳೆಯ ಮರಗಳ ಕೊಂಬೆಯಿಂದ ಜೋತುಬಿದ್ದು ಅರಳುವ ಈ ನಸುಗೆಂಪು ಚುಕ್ಕೆಯ ಆರ್ಕಿಡ್ ಹೂಗೊಂಚಲನ್ನು ಕೊಂಬೆ ಸಮೇತ ಕಡಿದು ಕೆಳಗಿಳಿಸಿ, ಮನೆಯ ಗೋಡೆಗೆ ಕಪ್ಪು ಬಟ್ಟೆ ಕಟ್ಟಿ ಚಿತ್ರ ತೆಗೆಯುವುದುಂಟು. ಆರ್ಕಿಡ್‌ನ ಬೀಜಕ್ಕೆ ತನ್ನದೇ ಆದ ಆಹಾರದ ಸಂಗ್ರಹವಿರುವುದಿಲ್ಲ. ಸೂಕ್ತ ಶಿಲೀಂಧ್ರದ ನೆರವು ಸಿಕ್ಕಿದರೆ ಮಾತ್ರ ಮೊಳೆಯುತ್ತದೆ. ಒಂದು ಗಿಡ ಹೂಬಿಡುವ ಹಂತಕ್ಕೆ ಬರಲು ಹಲವು ವರ್ಷಗಳು ಬೇಕು. ಮರದ ಪಾಚಿ, ತೊಗಟೆ, ಹಿಂದಿನ ಮಂಜು ಎಲ್ಲವೂ ಸೇರಿದ ಚಿತ್ರವೇ ಆ ಹೂವಿನ ನಿಜವಾದ ಚಿತ್ರ ಎಂದು ನಾನು ನಂಬಿದ್ದೇನೆ.

ಚಿಟ್ಟೆಗಳ ಮಾತಂತೂ ಇನ್ನೂ ಸೂಕ್ಷ್ಮ. ಚಿಟ್ಟೆಯನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು, ಅದು ಮರಗಟ್ಟಿದ ಮೇಲೆ ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆಯುವ ಕ್ರಮವೊಂದಿದೆ. ಅದನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಕಾಲುಗಳು ದಳವನ್ನು ಹಿಡಿದಿರುವುದಿಲ್ಲ, ಹೀರುನಳಿಕೆ ಸುರುಳಿಯಾಗಿಯೇ ಇರುತ್ತದೆ, ಆ ಚಿಟ್ಟೆ ಎಂದೂ ಬರದ ಹೂವಿನ ಮೇಲೆ ಅದು ಕುಳಿತಿರುತ್ತದೆ. ಈ ಹಿಂಸೆ ಸಂಪೂರ್ಣ ಅನಗತ್ಯ. ಚಿಟ್ಟೆ ತನ್ನ ಮೈಯನ್ನು ಬಿಸಿಲಿನಿಂದ ಕಾಯಿಸಿಕೊಂಡ ಮೇಲೆಯೇ ಹಾರಬಲ್ಲದು. ನಮ್ಮಲ್ಲಿ ಮಳೆ ಬಿಟ್ಟ ಸೆಪ್ಟೆಂಬರ್, ಅಕ್ಟೋಬರ್ ಬೆಳಗುಗಳಲ್ಲಿ, ಎಲೆಗಳ ಮೇಲೆ ಇಬ್ಬನಿ ಇನ್ನೂ ಇರುವಾಗ ತೋಟದ ಅಂಚಿಗೆ ಹೋದರೆ ರೆಕ್ಕೆ ಬಿಚ್ಚಿ ಬಿಸಿಲು ಕಾಯುತ್ತಿರುವ ಚಿಟ್ಟೆಗಳು ತಾವಾಗಿಯೇ ಅಲುಗಾಡದೆ ಕುಳಿತಿರುತ್ತವೆ. ನಮ್ಮ ನೆರಳು ಅವುಗಳ ಮೇಲೆ ಬೀಳದಂತೆ ನೋಡಿಕೊಂಡು, ಬಗ್ಗಿ, ನಿಧಾನವಾಗಿ ಹತ್ತಿರ ಸರಿದರೆ ಮೊಬೈಲಿನಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ. ಮುಚ್ಚಿದ ರೆಕ್ಕೆಗೆ ಕ್ಯಾಮೆರಾವನ್ನು ಸಮಾನಾಂತರವಾಗಿ ಹಿಡಿದರೆ ರೆಕ್ಕೆಯ ಬುಡದಿಂದ ತುದಿಯವರೆಗೂ ಎಲ್ಲ ಗೆರೆಗಳು ಸ್ಪಷ್ಟವಾಗುತ್ತವೆ. ಹಳ್ಳದ ದಂಡೆಯ ಹಸಿ ಮರಳಿನ ಮೇಲೆ ಗುಂಪುಗೂಡಿ ಉಪ್ಪಿನಂಶ ಹೀರುವ ಗಂಡು ಚಿಟ್ಟೆಗಳನ್ನು ಓಡಿಸಿ, ಎಲ್ಲ ಒಟ್ಟಿಗೆ ಏಳುವ ಚಿತ್ರ ತೆಗೆಯುವ ಬದಲು, ಒಂದು ಗಳಿಗೆ ಪಕ್ಕದಲ್ಲಿ ಕುಳಿತರೆ ಅವು ನಮ್ಮ ಇರವನ್ನೇ ಮರೆಯುತ್ತವೆ.

ಬಣ್ಣದ ವಿಷಯದಲ್ಲಿ ನಮ್ಮ ಹವ್ಯಾಸಿಗಳಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಪುಟಕ್ಕೆ ಬರುವ ಹಲವು ಚಿತ್ರಗಳಲ್ಲಿ ಬಣ್ಣವನ್ನು ಮೊಬೈಲಿನಲ್ಲೇ ಅತಿಯಾಗಿ ಏರಿಸಿರುತ್ತಾರೆ. ಮಿಂಚುಳ್ಳಿಯ ನೀಲಿ ಶಾಯಿಯಲ್ಲಿ ಅದ್ದಿದ ಹಾಗೆ ಕಾಣುತ್ತದೆ. ಮಿಂಚುಳ್ಳಿಯ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯ ಒಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ನಮಗೆ ನೀಲಿ ಕಾಣುತ್ತದೆ. ನಮ್ಮ ರಾಜ್ಯಪಕ್ಷಿ ನೀಲಕಂಠದ ನೀಲಿಯೂ ಹಾಗೆಯೇ. ತಂತಿಯ ಮೇಲೆ ಕುಳಿತಾಗ ಮಂಕಾಗಿ, ಕಂದಾಗಿ ಕಾಣುವ ಆ ಹಕ್ಕಿ ರೆಕ್ಕೆ ಬಿಚ್ಚಿದ ಕ್ಷಣದಲ್ಲಿ ತೋರುವ ಎರಡು ಬಗೆಯ ನೀಲಿಗೆ ಯಾವ ಕೃತಕ ಏರಿಕೆಯೂ ಬೇಡ. ಸೂರಕ್ಕಿಯ ಕತ್ತು ಒಂದು ಕೋನದಲ್ಲಿ ಕಪ್ಪು, ತಲೆ ತಿರುಗಿಸಿದರೆ ಹೊಳೆಯುವ ನೇರಳೆ. ಇದನ್ನು ಅರಿತವರು ಹಕ್ಕಿ ತಲೆ ತಿರುಗಿಸುವವರೆಗೆ ಕಾಯುತ್ತಾರೆ.

ಹೂವಿನಲ್ಲಿ ಕಷ್ಟ ಬೇರೆ ಬಗೆಯದು. ಗೌರಿಹಬ್ಬದ ಹೊತ್ತಿಗೆ ಬೇಲಿಗಳಲ್ಲಿ ಅರಳುವ ಗೌರಿಹೂವಿನ ದಳ ಬುಡದಲ್ಲಿ ಹಳದಿ, ತುದಿಯಲ್ಲಿ ಕಡುಗೆಂಪು. ದಿನ ಕಳೆದಂತೆ ಪೂರ್ತಿ ಕೆಂಪಾಗುತ್ತದೆ. ನೇರ ಬಿಸಿಲಿನಲ್ಲಿ ತೆಗೆದರೆ ಆ ಕೆಂಪು ಉಕ್ಕಿ ದಳದ ಅಲೆಅಲೆಯಾದ ಅಂಚು, ಗೆರೆಗಳು ಅಳಿಸಿಹೋಗುತ್ತವೆ. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು, ಸ್ವಲ್ಪ ಇಳಿಸಿ, ಮೋಡದ ಬೆಳಕಿನಲ್ಲಿ ತೆಗೆದರೆ ಎಲ್ಲವೂ ಉಳಿಯುತ್ತದೆ. ಕಾಫಿ ಹೂವಿಗೆ ಇದರ ತದ್ವಿರುದ್ಧ. ಬೇಸಿಗೆಯಲ್ಲಿ ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಕ್ಯಾಮೆರಾ ಆ ಬಿಳುಪನ್ನು ಬೂದು ಮಾಡಿಬಿಡುತ್ತದೆ, ಅಲ್ಲಿ ಎಕ್ಸ್‌ಪೋಷರನ್ನು ಒಂದಿಷ್ಟು ಏರಿಸಬೇಕು. ಹೂವು ನಿಲ್ಲುವುದು ಎರಡು ಮೂರು ದಿನ ಮಾತ್ರ. ರೊಬಸ್ಟಾ ಗಿಡ ಬೇರೆ ಗಿಡದ ಪರಾಗವಿಲ್ಲದೆ ಕಾಯಿ ಕಟ್ಟುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಗಿಡಗಳನ್ನು ಅಲುಗಿಸಿ, ಜೇನುಗಳನ್ನು ಎಬ್ಬಿಸಿ ಓಡಾಡುವುದನ್ನು ಬೆಳೆಗಾರರು ಒಪ್ಪುವುದಿಲ್ಲ. ಅದು ನ್ಯಾಯವೂ ಹೌದು. ತೋಟಕ್ಕೆ ಹೋಗುವಾಗ ಮಾಲೀಕರನ್ನೋ ರೈಟರನ್ನೋ ಕೇಳಿಯೇ ಹೋಗಬೇಕು. ಮೂಡಿಗೆರೆ, ಆಲೂರು, ಸಕಲೇಶಪುರದ ಕಡೆ ಕಾಡಾನೆಗಳು ತೋಟಗಳಲ್ಲೇ ಬೀಡುಬಿಟ್ಟಿರುವ ಈ ಕಾಲದಲ್ಲಿ ನಸುಕಿನಲ್ಲಿ ಒಬ್ಬರೇ ಕ್ಯಾಮೆರಾ ಹಿಡಿದು ನುಗ್ಗುವುದು ಪ್ರಾಣಕ್ಕೇ ಅಪಾಯ.

ಚಿತ್ರದ ಕೆಳಗೆ ದಿನಾಂಕ, ಗಿಡದ ವಿವರ ಕೊಡಿ ಎಂಬ ನನ್ನ ಎರಡನೆಯ ಕೋರಿಕೆಗೆ ಇನ್ನು ಬರುತ್ತೇನೆ. ದಿನಾಂಕವೂ ಗಿಡದ ಹೆಸರೂ ಇದ್ದರೆ ಚಿತ್ರ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ, ದಾಖಲೆಯಾಗುತ್ತದೆ. ಕಾಮನ್ ಈವ್ನಿಂಗ್ ಬ್ರೌನ್ ಎಂಬ ಸಾಮಾನ್ಯ ಚಿಟ್ಟೆ ಮಳೆಗಾಲದಲ್ಲಿ ರೆಕ್ಕೆಯ ಅಡಿಭಾಗದ ಮೇಲೆ ಎದ್ದುಕಾಣುವ ಕಣ್ಣುಚುಕ್ಕೆಗಳನ್ನು ಹೊತ್ತಿರುತ್ತದೆ. ಬೇಸಿಗೆಯ ಪೀಳಿಗೆಗೆ ಅವು ಕುಗ್ಗಿ, ರೆಕ್ಕೆ ಥೇಟ್ ಒಣ ಎಲೆಯಾಗುತ್ತದೆ. ಎರಡು ಚಿತ್ರಗಳನ್ನು ದಿನಾಂಕವಿಲ್ಲದೆ ಅಚ್ಚು ಮಾಡಿದರೆ ಓದುಗರು ಎರಡು ಬೇರೆ ಚಿಟ್ಟೆಗಳೆಂದೇ ತಿಳಿಯುತ್ತಾರೆ. ಕರಿಬೇವು, ನಿಂಬೆ ಗಿಡಗಳಲ್ಲಿ ಮೊಟ್ಟೆಯಿಡುವ ಕಾಮನ್ ಮಾರ್ಮನ್ ಚಿಟ್ಟೆಯ ಕೆಲವು ಹೆಣ್ಣುಗಳು ವಿಷಕಾರಿಯಾದ ಕಾಮನ್ ರೋಸ್ ಚಿಟ್ಟೆಯ ವೇಷ ಹಾಕಿ ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತವೆ. ರೋಸ್ ಚಿಟ್ಟೆಯ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು. ಗುರುತಿಸಲು ಇಷ್ಟು ತಿಳಿದರೆ ಸಾಕು. ಆದರೆ ತಮ್ಮ ಪುಟದಲ್ಲಿ ಎರಡನ್ನೂ ಬರಿಯ ‘ಬಣ್ಣದ ಚಿಟ್ಟೆ’ ಎಂದು ಕರೆದಾಗ ಈ ಅಚ್ಚರಿ ಓದುಗರಿಗೆ ತಲುಪದೇ ಹೋಗುತ್ತದೆ. ಮುಂಗಾರಿನ ಹೊಸ್ತಿಲಲ್ಲಿ ಪಶ್ಚಿಮಘಟ್ಟದಿಂದ ಪೂರ್ವದ ಬಯಲಿಗೆ, ಮತ್ತೆ ಅಕ್ಟೋಬರ್, ನವೆಂಬರಿನಲ್ಲಿ ಅಲ್ಲಿಂದ ಇತ್ತ ಹೋಗಿಬರುವ ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳ ವಲಸೆಯ ಬಗ್ಗೆ ಇಂದು ತಿಳಿದಿರುವುದರಲ್ಲಿ ಹವ್ಯಾಸಿಗಳು ಬರೆದಿಟ್ಟ ದಿನಾಂಕಗಳ ಪಾಲು ದೊಡ್ಡದು.

ಗಿಡದ ಹೆಸರಿನಿಂದ ಆಗುವ ಪ್ರಯೋಜನ ಇನ್ನೂ ನೇರವಾದದ್ದು. ನಮ್ಮ ರಾಜ್ಯದ ಚಿಟ್ಟೆ ಎನಿಸಿಕೊಂಡ ಸದರ್ನ್ ಬರ್ಡ್‌ವಿಂಗ್, ಕಪ್ಪು ಮುಂರೆಕ್ಕೆ ಮತ್ತು ಹೊಂಬಣ್ಣದ ಹಿಂರೆಕ್ಕೆಯ, ಅಂಗೈಯನ್ನೂ ಮೀರುವ ದೊಡ್ಡ ಚಿಟ್ಟೆ. ಅದು ಮೊಟ್ಟೆಯಿಡುವುದು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಬಳ್ಳಿಗಳ ಮೇಲೆ ಮಾತ್ರ. ಕಳೆ ತೆಗೆಯುವಾಗ ಆ ಬಳ್ಳಿಯನ್ನೂ ಕಡಿದು ಎಸೆಯುವುದು ತೋಟಗಳಲ್ಲಿ ಸಾಮಾನ್ಯ. ಚಿತ್ರದ ಕೆಳಗೆ ಆ ಒಂದು ಸಾಲಿದ್ದು, ಅದನ್ನು ಓದಿದ ಬೆಳೆಗಾರರೊಬ್ಬರು ಬೇಲಿಯಂಚಿನ ಒಂದು ಬಳ್ಳಿಯನ್ನು ಉಳಿಸಿದರೂ ಮರುವರ್ಷ ಅಲ್ಲಿ ಚಿಟ್ಟೆ ಇರುತ್ತದೆ. ಸಿಲ್ವರ್ ಓಕಿನ ನಡುವೆ ಹಳೆಯ ಬಸರಿ, ಅತ್ತಿ ಮರಗಳನ್ನು ಉಳಿಸಿಕೊಂಡ ತೋಟಗಳಲ್ಲೇ ಮಂಗಟ್ಟೆ, ಕುಟ್ರುಹಕ್ಕಿಗಳ ಚಿತ್ರಗಳು ಹೆಚ್ಚಾಗಿ ಸಿಗುತ್ತವೆ ಎಂಬುದನ್ನು ನಮ್ಮ ಹವ್ಯಾಸಿಗಳೆಲ್ಲ ಬಲ್ಲರು. ಅದನ್ನು ಬರೆಯಲು ಮಾತ್ರ ಅವರಿಗೆ ಇದುವರೆಗೆ ಜಾಗ ಸಿಕ್ಕಿಲ್ಲ.

ಈಚೆಗೆ ಹೊಸ ಸಮಸ್ಯೆಯೊಂದು ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ, ಎಲ್ಲಿಯೂ ಇಲ್ಲದ ಹಕ್ಕಿ ಚಿಟ್ಟೆಗಳ ಚಿತ್ರಗಳು ನಿಜವಾದವುಗಳ ಜತೆ ಹರಿದಾಡುತ್ತಿವೆ. ಬರಿಗಣ್ಣಿನಿಂದ ಅವನ್ನು ಬೇರ್ಪಡಿಸುವುದು ದಿನೇದಿನೇ ಕಷ್ಟವಾಗುತ್ತಿದೆ. ಚಿಟ್ಟೆಗೆ ಆರು ಕಾಲು ಇರಬೇಕೆಂದು ಎಣಿಸಲು ಹೋದರೆ, ಎಷ್ಟೋ ನಿಜವಾದ ಚಿಟ್ಟೆಗಳಲ್ಲಿ ಮುಂದಿನ ಎರಡು ಕಾಲು ತೀರಾ ಚಿಕ್ಕದಾಗಿ ಮಡಚಿಕೊಂಡಿದ್ದು ನಾಲ್ಕೇ ಕಾಣುತ್ತವೆ. ಆಯ್ಕೆಯಾದ ಚಿತ್ರದ ಮೂಲ ಕಡತವನ್ನು ತರಿಸಿಕೊಂಡು ನೋಡುವುದೇ ಇರುವ ದಾರಿ. ಹೆಸರಾಂತ ಸ್ಪರ್ಧೆಗಳು ಈ ಕ್ರಮವನ್ನು ಬಹುಕಾಲದಿಂದ ಅನುಸರಿಸುತ್ತಿವೆ. ದಿನಾಂಕ, ಗಿಡ, ಸಂದರ್ಭಗಳನ್ನು ಬರೆಯಬೇಕೆಂಬ ನಿಯಮವಿದ್ದರೆ ತೋಟ ಕಾಡುಗಳಿಗೆ ಹೋಗದೆಯೇ ಕೃತಕ ಚಿತ್ರ ಕಳುಹಿಸುವವರು ಅರ್ಧಕ್ಕರ್ಧ ತಾವೇ ಹಿಂಜರಿಯುತ್ತಾರೆ.

ಇಷ್ಟೆಲ್ಲ ನಿಯಮ ಹಾಕಿದರೆ ಹೊಸಬರು ಚಿತ್ರ ಕಳುಹಿಸುವುದನ್ನೇ ಬಿಡುತ್ತಾರೆ ಎಂಬ ಆತಂಕ ತಮಗಿದ್ದರೆ ಅದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಮಕ್ಕಳು ಪ್ರಕೃತಿಯ ಕಡೆ ತಿರುಗುವುದು ಇಂಥ ಪುಟಗಳಿಂದಲೇ. ಮೊಬೈಲಿನಲ್ಲಿ ಒಂದು ಚಿಟ್ಟೆಯನ್ನು ಹಿಡಿದ ಹುಡುಗ ಅದನ್ನು ಕೈಯಲ್ಲಿ ಹಿಡಿಯುವ ಹವ್ಯಾಸವನ್ನು ಬಿಟ್ಟಿರುತ್ತಾನೆ. ಆದರೆ ಗೂಡಿನ ಚಿತ್ರ ಅಚ್ಚಾಗುತ್ತಿರುವಷ್ಟು ಕಾಲ ಹೊಸಬರು ಕಲಿಯುವುದೂ ಅದನ್ನೇ. ಅಂಗಳದ ತೊಲೆಯ ಮೇಲೆ, ಮನೆಯವರ ಕಣ್ಣೆದುರೇ ಗೂಡು ಕಟ್ಟಿದ ಪಿಕಳಾರದ ಚಿತ್ರವನ್ನು ಯಾರಿಗೂ ತೊಂದರೆ ಕೊಡದೆ ತೆಗೆದಿರಬಹುದು; ಅದನ್ನೂ ಬಿಡಬೇಕೆಂದು ನಾನು ಕೇಳುವುದು ಏಕೆಂದರೆ, ಪುಟ ನೋಡಿದವರಿಗೆ ಕಾಣುವುದು ಗೂಡೇ ಹೊರತು ಅದರ ಹಿಂದಿನ ಸಂಯಮವಲ್ಲ. ಗೂಡಿನ ಬದಲು ಅವರಿಗೆ ತೋರಿಸಲು ನಮ್ಮಲ್ಲಿ ಬೇಕಾದಷ್ಟಿದೆ. ಚಳಿಗಾಲಕ್ಕೆ ಬಂದು ತೋಟದ ತರಗೆಲೆಗಳಲ್ಲಿ ಹುಳು ಕೆದಕುವ ನವರಂಗ, ಹಳ್ಳದ ಕಲ್ಲಿನ ಮೇಲೆ ಬೆಳಗಾಗುವ ಮೊದಲೇ ಸಿಳ್ಳೆ ಹಾಕುವ ಸರಳೆ ಸಿಳ್ಳಾರ, ಮರದ ತುದಿಯಲ್ಲಿ ಕೆಂಪಾಗಿ ಹೊಳೆಯುವ ಚಿತ್ರಪಕ್ಷಿ, ನೆರಳಿನ ಕೊಂಬೆಯಲ್ಲಿ ಬಹಳ ಹೊತ್ತು ಸುಮ್ಮನೆ ಕೂರುವ ಕಾಕರಣೆ ಹಕ್ಕಿ. ಅಪರೂಪದ ಹಕ್ಕಿಗೇ ದೊಡ್ಡ ಜಾಗ ಕೊಡಬೇಕೆಂದೂ ಇಲ್ಲ. ಮನೆ ಹಿಂದಿನ ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್ ಚಿಟ್ಟೆ ಇಟ್ಟ ಮೊಟ್ಟೆಯಿಂದ ಹುಳು, ಹುಳುವಿನಿಂದ ಕೋಶ, ಕೋಶದಿಂದ ಚಿಟ್ಟೆ ಆಗುವುದನ್ನು ಎಲೆಯನ್ನೂ ಮುಟ್ಟದೆ ಚಿತ್ರಿಸಿದ ಶಾಲಾ ಬಾಲಕಿಯ ಸರಣಿಗೆ ತಾವು ಅರ್ಧ ಪುಟ ಕೊಟ್ಟರೆ ಜಿಲ್ಲೆಯ ಎಲ್ಲ ಎಕ್ಕದ ಗಿಡಗಳ ಬಳಿ ಮಕ್ಕಳು ನಿಲ್ಲುತ್ತಾರೆ.

ಮಲೆನಾಡಿನಲ್ಲಿ ಹೆಚ್ಚಿನ ಹಕ್ಕಿಗಳು ಗೂಡು ಕಟ್ಟುವುದು ಹೂಮಳೆಯ ಆಸುಪಾಸಿನಿಂದ ಮುಂಗಾರಿನವರೆಗೆ. ತಮ್ಮ ಕಚೇರಿಗೆ ಗೂಡಿನ ಚಿತ್ರಗಳು ಅತಿ ಹೆಚ್ಚು ಬರುವುದೂ ಆ ತಿಂಗಳುಗಳಲ್ಲೇ ಇರಬೇಕು. ಆದ್ದರಿಂದ ಹೊಸ ನಿಯಮವನ್ನು ಜನವರಿ ಮುಗಿಯುವುದರೊಳಗೆ ಪುಟದ ತಲೆಬರಹದ ಕೆಳಗೆ ದಪ್ಪಕ್ಷರಗಳಲ್ಲಿ ಪ್ರಕಟಿಸಿ, ಮೇ ತಿಂಗಳವರೆಗೂ ಪ್ರತಿ ವಾರ ಅದನ್ನು ಮುಂದುವರಿಸಬೇಕೆಂದು ಕೋರುತ್ತೇನೆ. ಹಕ್ಕಿ, ಚಿಟ್ಟೆ, ಗಿಡಗಳನ್ನು ಗುರುತಿಸಿ ಕನ್ನಡದ ಹೆಸರು ಹುಡುಕಿಕೊಡುವ ಕೆಲಸಕ್ಕೆ ತಮ್ಮಲ್ಲಿ ಜನರ ಕೊರತೆಯಿದ್ದರೆ, ಚಿಕ್ಕಮಗಳೂರು ಮತ್ತು ಹಾಸನದಲ್ಲಿ ಅದನ್ನು ಸಂತೋಷದಿಂದ, ಯಾವ ಪ್ರತಿಫಲವನ್ನೂ ಬಯಸದೆ ಮಾಡಿಕೊಡುವವರಿದ್ದಾರೆ. ನಾನೂ ಅವರಲ್ಲೊಬ್ಬನಾಗಿ ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ ಮತ್ತು ಹವ್ಯಾಸಿ ಛಾಯಾಗ್ರಾಹಕ,
ಚಿಕ್ಕಮಗಳೂರು